ಪೇಟೆಬೀದಿಯ ಆಯಸ್ಸು

ಅಣ್ಣ ಕೆಟ್ಟ ಸುದ್ದಿ ತಂದಾಗಲೆಲ್ಲ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ, ಆಮೇಲೆ ಪುಟ್ಟಿಯ ಮೇಜಿನ ಮೇಲಿನ ಕುಂಚಗಳನ್ನು ಉದ್ದ ಗಿಡ್ಡ ನೋಡಿ ಸಾಲಾಗಿ ಜೋಡಿಸುತ್ತಾನೆ. ಅವತ್ತು ಬೆಳಿಗ್ಗೆ ಕುಂಚಗಳೆಲ್ಲ ಮುಗಿದು ಬಣ್ಣದ ಬಾಟಲಿಗಳಿಗೂ ಕೈ ಹಾಕಿದ.

“ಏನು ಹೇಳ್ಬೇಕೋ ಹೇಳಿಬಿಡು ಅಣ್ಣ. ನನ್ನ ಬಾಟ್ಲಿ ಮುಟ್ಬೇಡ.”

ಪುಟ್ಟಿ ಅಂದರೆ ಚಿಕ್ಕ ಹುಡುಗಿ ಅಂದುಕೊಳ್ಳಬೇಡಿ. ನಲವತ್ತು ದಾಟಿದ ಹೆಂಗಸು, ಓದುವುದಕ್ಕೊಂದು ಬರೆಯುವುದಕ್ಕೊಂದು ಎಂದು ಎರಡೆರಡು ಕನ್ನಡಕದವಳು. ಮನೆಗೆ ಕಿರಿಯವಳಾಗಿ ಹುಟ್ಟಿದ ತಪ್ಪಿಗೆ ಇನ್ನೂ ಪುಟ್ಟಿ. ಅಪ್ಪ ಮನೆಗೆ ಅಂಟಿಕೊಂಡೇ ಕಟ್ಟಿದ ಮುದ್ರಣಾಲಯದಲ್ಲಿ ಅಣ್ಣ ವ್ಯವಹಾರ ನೋಡಿಕೊಳ್ಳುತ್ತಾನೆ, ಅತ್ತಿಗೆ ಅಂಗಡಿಗಳಿಗೆ ಸರಕು ಕಳಿಸುತ್ತಾಳೆ, ಪುಟ್ಟಿ ಚಿತ್ರ ಬರೆಯುತ್ತಾಳೆ. ಅಪ್ಪ ಇನ್ನು ಯಾವ ಕೆಲಸವನ್ನೂ ಮಾಡಕೂಡದು ಎಂದು ಡಾಕ್ಟರು ಹೇಳಿದ್ದಾರೆ; ಅದಕ್ಕೇ ಅವರು ಎಲ್ಲರ ಕೆಲಸಕ್ಕೂ ತಲೆ ಹಾಕುತ್ತಾರೆ.

ಲೇಬಲ್ಲು, ಕ್ಯಾಲೆಂಡರು, ರಸೀದಿ ಪುಸ್ತಕ, ಎಲ್ಲವೂ ಅಲ್ಲಿ ಅಚ್ಚಾಗುತ್ತಿದ್ದವು. ಆದರೆ ಆ ಮುದ್ರಣಾಲಯಕ್ಕೆ ಒಂದು ಹೆಸರು ಅಂತ ಬಂದದ್ದು ‘ಪೇಟೆಬೀದಿ’ಯಿಂದ. ಪೇಟೆಬೀದಿ ಅನ್ನುವುದು ಕಾರ್ಡಿನ ಆಟ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಕಸುಬಿನವರು: ಬೀಗದವನು, ಗಡಿಯಾರದಜ್ಜಿ, ನಿದ್ದೆಗಣ್ಣಿನ ಕಾವಲುಗಾರ, ಮಳೆ ಮಾರುವವಳು. ಅಂಗಡಿಯಲ್ಲಿ ಸಿಗುವುದು ನಿಯಮದ ಹಾಳೆ ಇಟ್ಟ ಒಂದು ಡಬ್ಬಿ, ಅದಕ್ಕೆ ತುಂಬಿಕೊಳ್ಳಲು ಮುಚ್ಚಿದ ಪೊಟ್ಟಣಗಳು. ಒಡೆಯುವ ತನಕ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಸಿಕ್ಕಿದವರನ್ನು ಕೂಡಿಸಿ ತಮ್ಮದೇ ಒಂದು ಕಟ್ಟು ಮಾಡಿಕೊಂಡು, ಎದುರಿನವರಿಗಿಂತ ಮೊದಲು ಒಂದು ಬೀದಿಯ ಮನೆಗಳನ್ನೆಲ್ಲ ತುಂಬಿಸಿದವರು ಗೆದ್ದ ಹಾಗೆ. ವರ್ಷ ವರ್ಷ ಪೇಟೆಗೆ ಹೊಸಬರು ಬರುತ್ತಿದ್ದರು. ನಿಯಮ ಬರೆದವನು ಅಣ್ಣ, ಮುಖ ಬರೆದವಳು ಪುಟ್ಟಿ.

“ಔಷಧಿ ಪೆಟ್ಟಿಗೆ ಅಚ್ಚು ಹಾಕಿಸೋರು ಬಂದಿದ್ರು,” ಅಂದ ಅಣ್ಣ. “ದೊಡ್ಡ ಮಷಿನ್ ಪೂರ್ತಿ ಅವರಿಗೇ ಬಿಡ್ಬೇಕಂತೆ. ಬಿಟ್ರೆ ಪೇಟೆಬೀದಿ ನಿಲ್ಲುತ್ತೆ. ಕಾರ್ಡಿನ ಮಾರಾಟ ಇಳೀತಿದೆ, ಅದು ನಿನಗೂ ಗೊತ್ತು.”

“ಅಂದ್ರೆ ನಿಲ್ಲಿಸೋದು ಅಂತ ತೀರ್ಮಾನ ಮಾಡಿದ್ದೀಯ.”

“ನಾನೇನೂ ಮಾಡಿಲ್ಲ. ತೀರ್ಮಾನ ನಿಂದು. ನಾಲ್ಕು ಅಂಗಡಿ ಸುತ್ತಿ ನೋಡ್ಕೊಂಡು ಬಾ. ಈ ಆಟಕ್ಕೆ ಇನ್ನೊಂದು ಹತ್ತು ವರ್ಷ ಆಯಸ್ಸು ಇದೆಯಾ ಇಲ್ವಾ, ಅಷ್ಟು ಹೇಳು. ಇದೆ ಅಂದ್ರೆ ಪೆಟ್ಟಿಗೆಯವರಿಗೆ ದಾರಿ ತೋರಿಸ್ತೀನಿ. ತಿಂಗಳ ಕೊನೆ ದಿನ ಸಂಜೆ ಅವರು ಫೋನ್ ಮಾಡ್ತಾರೆ, ಅಷ್ಟರೊಳಗೆ ಹೇಳು.”

ಅಣ್ಣನ ಜಾಣತನ ನೋಡಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪುಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ ಅನ್ನುವುದು ಇಡೀ ಬಂಧುಬಳಗಕ್ಕೆ ಗೊತ್ತಿದ್ದ ಸಂಗತಿ. ಚೊಚ್ಚಲ ಮಗುವನ್ನು ತೋರಿಸಲು ತಂದ ನೆಂಟರ ಮುಂದೆಯೇ “ಮೂಗು ಯಾಕೋ ಸರಿ ಬಂದಿಲ್ಲ” ಎಂದು ಚಿತ್ರದ ಬಗ್ಗೆ ಹೇಳಿದ ಹಾಗೆ ಹೇಳಿದ್ದವಳು ಅವಳು. ಅಂಥವಳ ಕೈಗೆ ಅವಳದೇ ಆಟವನ್ನು ಕೊಟ್ಟು, ಬದುಕುತ್ತದೋ ಸಾಯುತ್ತದೋ ನೀನೇ ಹೇಳು ಅಂದರೆ?

ಪುಟ್ಟಿ ಮದುವೆ ಬೇಡ ಅಂದಿದ್ದಳು, ಬೇರೆ ಊರಿನ ಕೆಲಸ ಬೇಡ ಅಂದಿದ್ದಳು. ಅವಳಿಗೆ ಬೇಕು ಅಂತ ಇದ್ದದ್ದು ಇದೊಂದೇ. ಪೆಟ್ಟಿಗೆಯವರು ಬಂದರೆ ಅವಳಿಗೆ ಉಳಿಯುವುದು ಮಾತ್ರೆಯ ಹೆಸರಿನ ಸುತ್ತ ನೀಲಿ ಗೆರೆ ಎಳೆಯುವ ಕೆಲಸ. ಅದನ್ನು ನೆನೆದರೇ ಅವಳಿಗೆ ಜ್ವರ ಬಂದಂತಾಗುತ್ತಿತ್ತು.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ,” ಎಂದರು ಅಪ್ಪ, ಯಾರೂ ಕೇಳದಿದ್ದರೂ. “ಆದ್ರೆ ನೀನು ಹೆಗ್ಗಣವನ್ನ ಹೆಗ್ಗಣ ಅಂತಲೇ ಹೇಳ್ಬೇಕಾಗುತ್ತೆ ಪುಟ್ಟಿ.”

“ಅಪ್ಪ, ನೀವು ಸುಮ್ನೆ ಟೀ ಕುಡೀರಿ.”

ಮೊದಲು ಹೋದದ್ದು ಊರಿಗೇ ದೊಡ್ಡ ಆಟದ ಅಂಗಡಿಗೆ. ಅಲ್ಲಿ ಅವಳ ಗಡಿಯಾರದಜ್ಜಿ ಗಾಜಿನ ಕಪಾಟಿನಲ್ಲಿ, ದಪ್ಪ ಪ್ಲಾಸ್ಟಿಕ್ಕಿನೊಳಗೆ, ಬೀಗದ ಹಿಂದೆ ಕೂತಿದ್ದಳು. ಪಕ್ಕದಲ್ಲಿ ಕಾವಲುಗಾರ, ಅವನೂ ಹಾಗೆಯೇ. ಅಂಗಡಿಯವನು ಹೆಮ್ಮೆಯಿಂದ ತೋರಿಸಿದ.

“ಇದನ್ನ ಯಾರಾದ್ರೂ ಆಡ್ತಾರಾ?” ಕೇಳಿದಳು ಪುಟ್ಟಿ.

“ಆಡೋದಾ? ಮೂಲೆ ಮಡಚಿದ್ರೆ ಮುಗೀತಲ್ಲ ಅದರ ಬೆಲೆ. ತಗೋತಾರೆ, ಬೀರುವಿನಲ್ಲಿ ಇಡ್ತಾರೆ.”

ಹೊರಗೆ ಬಂದು ಪುಟ್ಟಿ ಸ್ವಲ್ಪ ಹೊತ್ತು ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಳು. ಅಜ್ಜಿಯ ಮುಖದ ಸುಕ್ಕುಗಳನ್ನು ಅವಳು ಅಮ್ಮನ ಮುಖ ನೆನೆದು ಬರೆದಿದ್ದಳು. ಬೀರುವಿನಲ್ಲಿಡಲು ಅಲ್ಲ.

ಎರಡನೆಯ ಕಡೆ, ನೆಲಮಾಳಿಗೆಯ ಕೋಣೆಯಲ್ಲಿ ಜನ ಆಡುತ್ತಿದ್ದರು. ಜನ ಅಂದರೆ ನಾಲ್ವರು, ವರ್ಷಗಳಿಂದ ಅದೇ ನಾಲ್ವರು. ಒಬ್ಬರ ಕಾರ್ಡು ಇನ್ನೊಬ್ಬರಿಗೆ ಎಷ್ಟು ಬಾಯಿಪಾಠ ಅಂದರೆ ನಾಲ್ಕಾರು ಕಾರ್ಡು ಇಳಿಸುತ್ತಲೇ “ಸರಿ, ನೀನು ಗೆದ್ದೆ” ಎಂದು ಎದ್ದುಬಿಡುತ್ತಿದ್ದರು. ಅವತ್ತು ಹೊಸದಾಗಿ ಗಂಡಹೆಂಡತಿ ಇಬ್ಬರು ಬಂದರು. ಹೆಂಡತಿಯ ಕೈಯಲ್ಲಿ ಮಳೆ ಮಾರುವವಳು ಇದ್ದಳು. ಮೊದಲ ಪೊಟ್ಟಣದಲ್ಲೇ ಸಿಕ್ಕಿದ್ದಂತೆ, ಆಕೆ ಅದನ್ನು ಗಂಡನಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಆ ನಾಲ್ವರಲ್ಲಿ ಗಡ್ಡದವನೊಬ್ಬ ಆಕೆಯ ಜೊತೆ ಆಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಟ ಮುಗಿಯಿತು.

ಇಲ್ಲಿ ಒಂದು ನಿಯಮ ಹೇಳಬೇಕು. ಪಂದ್ಯ ಮುಗಿದ ಮೇಲೆ ಗೆದ್ದವರು ಸೋತವರ ಕಟ್ಟಿನಿಂದ ತಮಗೆ ಬೇಕಾದ ಒಂದು ಕಾರ್ಡನ್ನು ತೆಗೆದುಕೊಳ್ಳಬಹುದು. ಅಣ್ಣ ಬರೆದ ನಿಯಮ. ಗಡ್ಡದವನು ಒಳ್ಳೆಯವನೇ, ಮೋಸಗಾರನಲ್ಲ; ನಿಯಮದ ಪ್ರಕಾರ ಕೈ ಚಾಚಿ ಮಳೆ ಮಾರುವವಳನ್ನು ತೆಗೆದುಕೊಂಡ. ಆಕೆ ಜಗಳವಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಗಂಡನ ಮುಖ ನೋಡಿ, ಇಬ್ಬರೂ ಎದ್ದು ಹೋದರು. ಅವರು ಮತ್ತೆ ಬರುವುದಿಲ್ಲ ಎಂದು ಪುಟ್ಟಿಗೆ ಅವರ ಬೆನ್ನು ನೋಡಿಯೇ ಗೊತ್ತಾಯಿತು. ಗಡ್ಡದವನು ಕಟ್ಟಿಗೆ ಇನ್ನೊಂದು ಒಳ್ಳೆಯ ಕಾರ್ಡು ಸೇರಿಸಿಕೊಂಡು, ಆಡಲು ಯಾರೂ ಇಲ್ಲದೆ ಆಕಳಿಸಿದ.

ಆಮೇಲೆ ಸುತ್ತಿದ ಕಡೆಯೆಲ್ಲ ಅದೇ ಹಾಡು. ಒಂದೋ ಗಾಜಿನ ಕಪಾಟು, ಇಲ್ಲವೇ ಬಲಿತವರು ನಾಲ್ವರು. ಇರುವವರು ಕೊಬ್ಬುತ್ತಾರೆ, ಹೊಸಬರು ನಿಲ್ಲುವುದಿಲ್ಲ. ರೋಗ ಏನೆಂದು ಅವಳಿಗೆ ತಿಳಿದುಹೋಗಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅಣ್ಣನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು.

ಅತ್ತಿಗೆ ಸರಕು ಕಟ್ಟುತ್ತಿದ್ದವಳು ತಲೆಯೆತ್ತಿ ನೋಡಿದಳು. “ಮುಖ ಯಾಕೆ ಹಾಗೆ ಇಳಿಬಿಟ್ಟಿದ್ದೀಯ? ಎಲ್ಲಾ ಕಡೆ ಹೋದೆಯಾ?”

“ಎಲ್ಲಾ ಕಡೆ ಹೋದೆ ಅತ್ತಿಗೆ.”

“ಬಟ್ಟೆ ಅಂಗಡಿಗೆ?”

“ಯಾವ ಬಟ್ಟೆ ಅಂಗಡಿ?”

“ಮಾರೋದಲ್ಲ, ಒಗೆಯೋದು. ಮಷಿನ್ ಇಟ್ಟಿದ್ದಾರಲ್ಲ, ಜನ ಬಂದು ಒಗೆಸ್ಕೊಂಡು ಹೋಗ್ತಾರೆ. ನದಿ ಸೇತುವೆ ಆಚೆ. ಮಿಕ್ಕಿದ ಅಂಗಡಿಯವರೆಲ್ಲ ಪೊಟ್ಟಣ ವಾಪಸ್ ಕಳಿಸ್ತಾರೆ, ಆ ಯಮ್ಮ ಮಾತ್ರ ಪ್ರತಿ ಸಲ ಹೆಚ್ಚಿಗೆ ಕೇಳ್ತಾಳೆ. ಬಟ್ಟೆ ಜೊತೆ ಕಾರ್ಡನ್ನೂ ಹಾಕಿ ಒಗೀತಾರೋ ಏನೋ ತಾಯಿ, ನನಗಂತೂ ಅರ್ಥ ಆಗಿಲ್ಲ.”

ಮರುದಿನವೇ ತಿಂಗಳ ಕೊನೆ. ಬೆಳಿಗ್ಗೆ ಪುಟ್ಟಿ ಮನೆಯ ಹಾಸಿಗೆಗಳ ಹೊದಿಕೆಯನ್ನೆಲ್ಲ ಎಳೆದು ಚೀಲಕ್ಕೆ ತುಂಬಿದಳು. ಅಪ್ಪ ಇನ್ನೂ ಮಲಗಿದ್ದರು. ಅವರನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಿಸಿ ಅವರ ಕೆಳಗಿನದನ್ನೂ ಎಳೆದುಕೊಂಡಳು. ಕಾರ್ಡು ಮಾಡುವವಳು ಬಂದಿದ್ದಾಳೆ ಅಂದರೆ ಜನ ನಾಟಕ ಮಾಡುತ್ತಾರೆ. ಬಟ್ಟೆ ಒಗೆಸುವವಳ ಮುಂದೆ ಯಾರು ನಾಟಕ ಮಾಡುತ್ತಾರೆ?

ಅದೊಂದು ಉದ್ದನೆಯ ಕೋಣೆ. ಒಂದು ಗೋಡೆಯುದ್ದಕ್ಕೂ ದುಂಡು ಗಾಜಿನ ಬಾಗಿಲಿನ ಮಷಿನ್‌ಗಳು ಗುರುಗುಟ್ಟುತ್ತಿದ್ದವು. ಬೆಚ್ಚನೆಯ ಸೋಪಿನ ವಾಸನೆ. ನಡುವೆ ಬಟ್ಟೆ ಮಡಿಸಲೆಂದು ಹಾಕಿದ ಉದ್ದ ಮೇಜು, ಅದರ ಮೇಲೆ ಬಟ್ಟೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಕಾರ್ಡು, ಟೀ ಲೋಟ, ಮೊಣಕೈ, ವಾದ. ಪುಟ್ಟಿ ತನ್ನ ಕಣ್ಣನ್ನೇ ನಂಬಲಿಲ್ಲ. ಮೂಲೆ ಸವೆದ, ಟೀ ಕಲೆಯಾದ, ಮಡಚಿ ಮಡಚಿ ಮೆತ್ತಗಾದ ಗಡಿಯಾರದಜ್ಜಿ ಒಬ್ಬಳು ಕೈಯಿಂದ ಕೈಗೆ ಓಡಾಡುತ್ತಿದ್ದಳು. ಪುಟ್ಟಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು, ಸಂತೋಷಕ್ಕೆ.

“ಹೊಸಬಳಾ?” ಎಂದಳು ಅಂಗಡಿಯ ಒಡತಿ. ಅಗಲವಾದ ಹೆಂಗಸು, ಎಲ್ಲರಿಗೂ ದೊಡ್ಡಮ್ಮ. “ಚೀಲ ಇತ್ತ ಕೊಡು. ಇಲ್ಲಿ ಒಂದೇ ಪದ್ಧತಿ ಕಣಮ್ಮ. ಯಾರ ಬಟ್ಟೆ ಜೊತೆ ನಿನ್ನ ಬಟ್ಟೆ ತಿರುಗೋಕೆ ಶುರು ಆಗುತ್ತೋ ಅವರ ಜೊತೆ ನೀನು ಆಡ್ಬೇಕು. ಮಷಿನ್ ನಿಲ್ಲೋದ್ರೊಳಗೆ ಮುಗೀಬೇಕು. ಕಾರ್ಡು ಇಲ್ವಾ? ಆ ಡಬ್ಬದಲ್ಲಿ ಕೈ ಹಾಕು.”

ಡಬ್ಬದಲ್ಲಿ ಜೊತೆ ಕಳೆದುಕೊಂಡ ಕಾಲುಚೀಲಗಳ ನಡುವೆ ಜನ ಹೊಸಬರಿಗೆಂದು ಬಿಟ್ಟುಹೋದ ಕಾರ್ಡುಗಳಿದ್ದವು. ಪುಟ್ಟಿ ಒಂದು ಕಟ್ಟು ಆರಿಸಿಕೊಂಡಳು. ಅವಳ ಹೊದಿಕೆಗಳ ಜೊತೆಗೇ ಪಕ್ಕದ ಮಷಿನ್‌ನಲ್ಲಿ ತಿರುಗತೊಡಗಿದ್ದು ನಿವೃತ್ತ ಲೆಕ್ಕದ ಮೇಷ್ಟರೊಬ್ಬರ ಅಂಗಿಗಳು. ಮೇಷ್ಟರು ಕನ್ನಡಕ ಏರಿಸಿಕೊಂಡು ಕೂತರು, ಮಾತಿಲ್ಲ ಕತೆಯಿಲ್ಲ, ಕಾರ್ಡಿನ ಮೇಲೆ ಕಾರ್ಡು ಇಳಿಸಿದರು. ಡಬ್ಬದ ಕಾರ್ಡಿನಲ್ಲಿ ಪುಟ್ಟಿ ಎಷ್ಟು ಅಂತ ತಡೆದಾಳು? ಬೀಗದವನನ್ನು ತಂದು ಮೇಷ್ಟರು ತಮ್ಮ ಬೀದಿ ಮುಗಿಸಿದರು. ಮುಗಿಸಿ, ತಲೆ ಚಚ್ಚಿಕೊಂಡರು.

“ಛೆ. ಮತ್ತೆ ಗೆದ್ದುಬಿಟ್ಟೆ.”

ಮೇಜಿನ ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟರು ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ ಮಾಡಿಕೊಂಡು ತಮ್ಮ ಇಡೀ ಕಟ್ಟನ್ನು ಪುಟ್ಟಿಯ ಮುಂದೆ ಹರಡಿದರು.

“ತಗೊಳ್ಳಮ್ಮ. ಯಾವುದು ಬೇಕೋ ಒಂದು ಆರಿಸ್ಕೋ. ಬೀಗದವನನ್ನ ಮಾತ್ರ ಬಿಟ್ಟುಬಿಡು, ನಿನ್ನ ತಂದೆ ವಯಸ್ಸಿನವನು ಕೇಳ್ತಿದ್ದೀನಿ.”

“ಬಿಡ್ಬೇಡಿ, ಅದನ್ನೇ ತಗೊಳ್ಳಿ,” ಎಂದ ಪಕ್ಕದಲ್ಲಿದ್ದ ಬಸ್ ಡ್ರೈವರು, ಯೂನಿಫಾರಂ ಒಣಗುವುದನ್ನು ಕಾಯುತ್ತಾ ಬನಿಯನ್ನಿನಲ್ಲಿ ಕೂತಿದ್ದವನು.

ಪುಟ್ಟಿಗೆ ತಲೆಬುಡ ತಿಳಿಯಲಿಲ್ಲ. “ಸೋತವಳು ನಾನಲ್ವಾ?”

“ಹೌದು. ಅದಕ್ಕೇ ತಗೋ ಅಂತಿರೋದು.”

“ನಿಯಮ ಹಾಗಿಲ್ಲ. ಗೆದ್ದವರು ತಗೋಬೇಕು.”

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಹತ್ತಿರ ಬಂದಳು.

“ಯಾರು ಹೇಳಿದ್ದು?”

“ಆಟ ಮಾಡಿದವರು.”

“ಅವರಿಗೇನು ಗೊತ್ತು?”

ನಿಯಮದ ಹಾಳೆಯನ್ನು ಯಾರೂ ಓದಿಲ್ಲವೇ ಎಂದು ಕೇಳಿದಳು ಪುಟ್ಟಿ. ಎಲ್ಲರೂ ಡ್ರೈವರಿನ ಕಡೆ ತಿರುಗಿದರು.

“ಓದೋಣ ಅಂತಲೇ ಜೇಬಲ್ಲಿ ಇಟ್ಕೊಂಡಿದ್ದೆ,” ಎಂದ ಅವನು ನೆಲ ನೋಡುತ್ತಾ.

“ಪ್ಯಾಂಟಿನ ಜೇಬಲ್ಲಿ ಇಟ್ಕೊಂಡ. ಪ್ಯಾಂಟನ್ನ ಮಷಿನ್‌ಗೆ ಹಾಕ್ದ,” ಎಂದಳು ದೊಡ್ಡಮ್ಮ. “ಹೊರಗೆ ಬಂದಾಗ ನಿಯಮ ಎಲ್ಲಾ ಒಂದು ಮುದ್ದೆ. ಬಿಡಿಸಿ ನೋಡಿದ್ರೆ ಮೊದಲ ನಾಲ್ಕು ಸಾಲು ಸಿಕ್ತು, ಬೀದಿ ತುಂಬಿಸೋದು ಹೇಗೆ ಅಂತ. ಕೊನೇದು ಸಿಗ್ಲಿಲ್ಲ. ಸರಿ, ಡಬ್ಬಿ ಮೇಲೆ ಚಿತ್ರ ಇದೆಯಲ್ಲ, ಅದನ್ನ ನೋಡಿ ಕಲಿತ್ವಿ. ಇಲ್ನೋಡು.”

ಡಬ್ಬಿಯ ಮೇಲೆ ಇಬ್ಬರು ಎದುರುಬದುರು ಕೂತಿದ್ದರು. ಒಬ್ಬನ ಮುಖ ಜೋತುಬಿದ್ದಿತ್ತು. ಇನ್ನೊಬ್ಬ ಕಿವಿಯ ತನಕ ನಗುತ್ತಾ, ಕಾರ್ಡು ಹಿಡಿದ ಕೈಯನ್ನು ಜೋಲುಮುಖದವನ ಕಡೆ ಚಾಚಿದ್ದ.

“ನಗ್ತಿರೋನು ಗೆದ್ದವನು,” ಎಂದಳು ದೊಡ್ಡಮ್ಮ ಬೆರಳಿಟ್ಟು ತೋರಿಸುತ್ತಾ. “ಗೆದ್ದವನು ಕೊಡ್ತಿದ್ದಾನೆ. ಸೋತವನು ಇನ್ನೇನು ತಗೋತಾನೆ. ಎಷ್ಟು ಲಕ್ಷಣವಾಗಿ ಬರೆದಿದ್ದಾರೆ. ಕಣ್ಣು ಕಾಣಲ್ವಾ ನಿನಗೆ?”

ಪುಟ್ಟಿ ಎರಡೂ ಕನ್ನಡಕ ಬದಲಾಯಿಸಿ ನೋಡಿದಳು. ಬರೆದದ್ದು ಅವಳೇ. ಬರೆಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಬಾಲ್ಯದ ಅಣ್ಣ. ಗೆದ್ದ ಗೋಲಿಯನ್ನೋ ಬಳಪವನ್ನೋ ಅವಳ ಮೂಗಿನ ಮುಂದೆ ಆಡಿಸಿ ಅಣಕಿಸುತ್ತಿದ್ದನಲ್ಲ, ಆ ಅಣ್ಣ. ಗೆದ್ದವನು ಕಿತ್ತುಕೊಂಡದ್ದನ್ನು ತೋರಿಸಿ ಹಂಗಿಸುತ್ತಿದ್ದಾನೆ ಅನ್ನುವುದೇ ಅವಳ ಚಿತ್ರದ ಅರ್ಥವಾಗಿತ್ತು. ಆದರೆ ಆ ಕೈಯನ್ನು ಬರೆಯುವಾಗ ಅವಳ ಕುಂಚಕ್ಕೆ ಅಣಕ ಕೂಡಿಬಂದಿರಲಿಲ್ಲ. ಎಷ್ಟು ನೋಡಿದರೂ ಅದು ಕೊಡುವ ಕೈಯೇ.

“ಇದನ್ನ ಬರೆದವಳು ನಾನೇ ದೊಡ್ಡಮ್ಮ,” ಎಂದಳು. ಸುಳ್ಳು ಹೇಳಲು ಬಾರದವಳು ಇನ್ನೆಷ್ಟು ಹೊತ್ತು ಸುಮ್ಮನಿದ್ದಾಳು?

ದೊಡ್ಡಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೀನೇನಾ? ಚಿತ್ರ ಸರಿಯಾಗೇ ಬರೆದಿದ್ದೀಯ ಬಿಡು. ಅರ್ಥ ಮಾತ್ರ ನಿನಗೇ ಆಗಿಲ್ಲ.”

ಎಲ್ಲರೂ ನಕ್ಕ ನಗುವಿಗೆ ಮೇಜಿನ ಮೇಲಿದ್ದ ಟೀ ಲೋಟಗಳೆಲ್ಲ ಅಲುಗಿದವು. ಪುಟ್ಟಿಯೂ ನಕ್ಕಳು, ನಗುತ್ತಲೇ ಕೈ ಚಾಚಿ ಬೀಗದವನನ್ನು ತೆಗೆದುಕೊಂಡಳು. ಮೇಷ್ಟರು ಎದ್ದು ನೇರವಾಗಿ ಗಲ್ಲಾಪೆಟ್ಟಿಗೆಯ ಬಳಿಗೆ ಹೋಗಿ ಎರಡು ಪೊಟ್ಟಣ ಕೊಂಡು ತಂದು, ಅಲ್ಲೇ ಹರಿದರು. ಅತ್ತಿಗೆಗೆ ಅರ್ಥವಾಗದ ಲೆಕ್ಕ ಪುಟ್ಟಿಗೆ ಆ ಕ್ಷಣ ಅರ್ಥವಾಯಿತು.

“ಮೇಷ್ಟ್ರೆ, ಒಂದು ಮಾತು ಕೇಳ್ತೀನಿ. ಗೆದ್ರೆ ಕಳ್ಕೋತೀರಿ. ಬೇಕು ಅಂತಲೇ ಸೋತುಬಿಡಬಹುದಲ್ಲ?”

“ಪ್ರಯತ್ನ ಮಾಡಿದ್ದೆ ಕಣಮ್ಮ,” ಎಂದರು ಮೇಷ್ಟರು ಬೇಸರದಿಂದ. “ಆಗಲ್ಲ. ಗೆಲ್ಲೋ ದಾರಿ ಕಣ್ಣಿಗೆ ಕಾಣ್ತಿರುವಾಗ ಕೈ ಎಲ್ಲಿ ಕೇಳುತ್ತೆ? ಮನೇಲಿ ಎಲ್ಲರೂ ಬೈತಾರೆ, ಇರೋ ಒಳ್ಳೇ ಕಾರ್ಡೆಲ್ಲ ದಾನ ಮಾಡಿ ಬರ್ತೀರಿ ಅಂತ.”

“ಮತ್ತೆ ಹೊಸಬರು? ಒಂದು ಸಲ ಸೋತು ಹೋದವರು ಮತ್ತೆ ಬರ್ತಾರಾ?”

“ಬರದೇ ಏನು ಮಾಡ್ತಾರೆ?” ಎಂದಳು ದೊಡ್ಡಮ್ಮ. “ಹೋಗ್ತಾ ಇಲ್ಲಿನ ಒಳ್ಳೇ ಕಾರ್ಡು ತಗೊಂಡು ಹೋಗಿರ್ತಾರೆ. ಅದನ್ನ ಆಡಿ ನೋಡ್ಬೇಡ್ವಾ? ಮಗ್ಗುಲಿನ ದರ್ಜಿ ಹೆಂಗಸು ಒಗೆದ ಬಟ್ಟೇನೇ ಮತ್ತೆ ತಂದು ಒಗೆಸ್ತಾಳೆ.”

ಹೊದಿಕೆಗಳು ಒಣಗುವ ಮಷಿನ್‌ಗೆ ಹೋದವು, ಪುಟ್ಟಿ ಡ್ರೈವರಿನ ಜೊತೆ ಆಡಿದಳು. ಬೀಗದವನ ಬಲದಿಂದ ಗೆದ್ದಳು. ಗೆದ್ದ ಖುಷಿ ಇನ್ನೂ ಮುಖಕ್ಕೆ ಏರುವ ಮೊದಲೇ ಡ್ರೈವರು ಹಲ್ಲುಕಿರಿಯುತ್ತಾ ಬೀಗದವನನ್ನು ಎತ್ತಿಕೊಂಡ. ಅಯ್ಯೋ ಅನ್ನಿಸಿತು ಅವಳಿಗೆ. ತನ್ನ ಮೇಜಿನ ಡ್ರಾಯರಿನಲ್ಲಿ ಅಂಥ ಬೀಗದವರು ರಾಶಿ ಬಿದ್ದಿದ್ದಾರೆ ಅನ್ನುವುದು ನೆನಪಿಗೇ ಬರಲಿಲ್ಲ. ಎದ್ದು ಹೋಗಿ, ತಾನೇ ಚಿತ್ರ ಬರೆದ ಕಾರ್ಡುಗಳ ಪೊಟ್ಟಣವನ್ನು ದುಡ್ಡು ಕೊಟ್ಟು ಕೊಂಡಳು.

ಮುದ್ರಣಾಲಯಕ್ಕೆ ಮರಳಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಅಣ್ಣ, ಅತ್ತಿಗೆ, ಅಪ್ಪ ಮೂವರೂ ಸರಕು ಕಟ್ಟುವ ಮೇಜಿನ ಬಳಿ ಕಾಯುತ್ತಿದ್ದರು. ಅಣ್ಣ ಗಂಟಲು ಸರಿಮಾಡಿಕೊಂಡ.

“ಹೇಳು. ಬಾಳುತ್ತಾ?”

“ಬಾಳಲ್ಲ,” ಎಂದಳು ಪುಟ್ಟಿ.

ಅತ್ತಿಗೆ ಕೈಯಲ್ಲಿದ್ದ ದಾರದುಂಡೆ ಕೆಳಗಿಟ್ಟಳು. ಅಣ್ಣನ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ. ಆಟದ ಅರ್ಧ ಅವನದೂ ಅಲ್ಲವೇ.

“ನೀನು ನಿಯಮ ಬರೆದ ಹಾಗೆ ಆಡಿದ್ರೆ ಬಾಳಲ್ಲ ಅಣ್ಣ. ಬಲ ಇದ್ದವರ ಕೈಗೆ ಎಲ್ಲಾ ಹೋಗಿ ಸೇರುತ್ತೆ. ಹೊಸಬರು ಇದ್ದದ್ದನ್ನೂ ಕಳ್ಕೊಂಡು ಹೋಗ್ತಾರೆ. ಗೆದ್ದವರಿಗೆ ಆಮೇಲೆ ಆಡೋಕೆ ಯಾರೂ ಸಿಗಲ್ಲ. ನಾನು ಕಣ್ಣಾರೆ ನೋಡಿದೆ.” ಹಾಗಂದು, ಬಟ್ಟೆ ಅಂಗಡಿಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪ್ಯಾಂಟಿನ ಜೇಬಿನ ಸುದ್ದಿಯನ್ನೂ ಬಿಡಲಿಲ್ಲ. “ಗೆದ್ದವರು ಕೊಡೋ ಹಾಗೆ ಬದಲಾಯಿಸಿದ್ರೆ ಹತ್ತು ವರ್ಷ ಅಲ್ಲ, ನಾವು ಮುದುಕರಾದ ಮೇಲೂ ಜನ ಆಡ್ತಾರೆ.”

ಅಣ್ಣನಿಗೆ ರೇಗಿತು. “ಗೆದ್ದವನಿಗೆ ದಂಡ ಹಾಕೋ ಆಟ ಪ್ರಪಂಚದಲ್ಲಿ ಎಲ್ಲಾದ್ರೂ ಉಂಟಾ? ಬಹುಮಾನ ಇಲ್ಲದೆ ಯಾವನು ಗೆಲ್ಲೋಕೆ ಒದ್ದಾಡ್ತಾನೆ? ಒಂದು ಅಂಗಡಿ ನೋಡ್ಕೊಂಡು ಬಂದು ದೊಡ್ಡ ಮಷಿನ್ ಬಗ್ಗೆ ಮಾತಾಡ್ತೀಯಲ್ಲ. ಅಲ್ಲಿನ ಜನಕ್ಕೆ ತಲೆ ಕೆಟ್ಟಿರಬಹುದು.”

“ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟಿಗೆ ಹೋದವರ ಬಗ್ಗೆ ಹೇಳ್ತಾರೆ,” ಎಂದರು ಅಪ್ಪ. “ನಿನ್ನ ನಿಯಮ ಹಾಗಿದೆ ಕಣೋ.”

“ಅಪ್ಪ, ನೀವು ಸ್ವಲ್ಪ ಸುಮ್ನಿರಿ.”

ಅಣ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದು ಪುಟ್ಟಿಗೂ ಗೊತ್ತಿತ್ತು. ಒಂದು ಅಂಗಡಿ ಒಂದೇ ಅಂಗಡಿ. ಅವಳು ಮೇಜಿನ ಮೇಲಿನ ಹಗ್ಗ, ಕತ್ತರಿ ಎಲ್ಲ ಪಕ್ಕಕ್ಕೆ ತಳ್ಳಿದಳು.

“ಸರಿ. ಕೂತ್ಕೋ, ಆಡೋಣ. ಅವರ ಹಾಗೆ. ಸಂಜೆ ತನಕ ಆಡಿ ನಿನಗೆ ಬೇಜಾರಾಯ್ತು ಅಂದ್ರೆ, ಪೆಟ್ಟಿಗೆಯವರ ಫೋನ್ ಬಂದಾಗ ಮಷಿನ್ ನಿಮ್ಮದೇ ಅಂತ ನಾನೇ ಹೇಳ್ತೀನಿ. ಮತ್ತೆ ಯಾವತ್ತೂ ಈ ಮಾತು ಎತ್ತಲ್ಲ.”

ಮಾತೇನೋ ಕೊಟ್ಟಾಯಿತು. ಗೋಲಿಯಿಂದ ಹಿಡಿದು ಇವತ್ತಿನ ತನಕ ಯಾವ ಆಟದಲ್ಲೂ ಅವಳು ಅಣ್ಣನನ್ನು ಗೆದ್ದವಳಲ್ಲ. ಚಿಕ್ಕಂದಿನಲ್ಲಿ ಅಣ್ಣ ಸೋಲುವ ಹಾಗೆ ಕಂಡರೆ ಮಣೆಯನ್ನೇ ಮಗುಚಿಬಿಡುತ್ತಿದ್ದ, ಆಮೇಲೆ ಮೊಣಕೈ ತಾಗಿತು ಅನ್ನುತ್ತಿದ್ದ.

ಅಣ್ಣ ಬೀರುವಿನಿಂದ ತನ್ನ ಹಳೆಯ ಕಟ್ಟನ್ನು ತಂದ. ವರ್ಷಗಳಿಂದ ಆರಿಸಿ ಆರಿಸಿ ಕಟ್ಟಿದ್ದು, ಒಂದಕ್ಕಿಂತ ಒಂದು ಘಟಾನುಘಟಿ. ಮೊದಲ ಪಂದ್ಯ ನೋಡುನೋಡುತ್ತಿದ್ದಂತೆ ಗೆದ್ದ. ಪುಟ್ಟಿ ಅವನ ಕಟ್ಟು ಹರಡಿಸಿ ಮಳೆ ಮಾರುವವಳನ್ನು ಎತ್ತಿಕೊಂಡಳು.

“ಅದು ಮೊದಲ ವರ್ಷದ್ದು ಕಣೇ.”

“ಗೊತ್ತು. ಬರೆದಿದ್ದು ಯಾರು?”

ಎರಡನೆಯದನ್ನೂ ಗೆದ್ದ, ಗಡಿಯಾರದಜ್ಜಿ ಹೋದಳು. ಮೂರನೆಯದನ್ನು ಗೆದ್ದಾಗ ಅವನ ಹಣೆಯಲ್ಲಿ ಬೆವರಿತ್ತು. ಹೋದವರನ್ನು ಹಿಂದೆ ತರಲು ಸೋಲಬೇಕು, ಸೋಲಲು ಕೈ ಒಪ್ಪುತ್ತಿಲ್ಲ. ಮೇಷ್ಟರನ್ನು ನೋಡಿ ಬಂದಿದ್ದ ಪುಟ್ಟಿ ತುಟಿ ಕಚ್ಚಿಕೊಂಡಳು. ಮಧ್ಯೆ ಮೇಸ್ತ್ರಿ ಬಂದು ಮಷಿನ್‌ಗೆ ಶಾಯಿ ಹಾಕಲೇ ಎಂದು ಕೇಳಿದ. ಅಣ್ಣ ತಲೆಯೆತ್ತದೆ ಕೈಯಾಡಿಸಿ ಕಳಿಸಿದ. ಮೇಸ್ತ್ರಿ ಹೋಗಲಿಲ್ಲ, ಅಲ್ಲೇ ನಿಂತು ನೋಡತೊಡಗಿದ. ಅಣ್ಣ ಹಿಂದಿನ ಪೆಟ್ಟಿಗೆಗೆ ಕೈ ಹಾಕಿ ಹೊಸ ಪೊಟ್ಟಣವೊಂದನ್ನು ಹರಿದ.

“ರೀ, ಅದು ಮಾರೋ ಸರಕು,” ಎಂದಳು ಅತ್ತಿಗೆ.

“ಸುಮ್ನಿರೇ. ಒಂದು ಬೀಗದವನು ಬೇಕು ನನಗೆ.”

ಬೀಗದವನು ಸಿಗಲಿಲ್ಲ. ಇನ್ನೊಂದು ಹರಿದ. ಅತ್ತಿಗೆ ಹಣೆ ಚಚ್ಚಿಕೊಂಡು, ಆಮೇಲೆ ತಾನೇ ಒಂದು ಹರಿದು “ತಗೊಳ್ಳಿ, ನನ್ನ ಕೈಗುಣ ನೋಡಿ” ಎಂದು ಮುಂದಿಟ್ಟಳು. ಅದರಲ್ಲಿ ಬೀಗದವನಿದ್ದ. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದು ಕೂತರು, ಇಬ್ಬರಿಗೂ ಸಲಹೆ ಕೊಟ್ಟರು, ಇಬ್ಬರಿಂದಲೂ ಬೈಸಿಕೊಂಡರು.

ಕಿಟಕಿಯ ಬಿಸಿಲು ಹಳದಿಯಾಗುವ ಹೊತ್ತಿಗೆ ಅಣ್ಣನ ಕಟ್ಟಿನ ಒಳ್ಳೆಯವರೆಲ್ಲ ಪುಟ್ಟಿಯ ಕಡೆ ಬಂದಿದ್ದರು. ಆ ಪಂದ್ಯದಲ್ಲಿ ಇಬ್ಬರ ಬೀದಿಯಲ್ಲೂ ಒಂದೊಂದು ಮನೆ ತುಂಬುವುದು ಬಾಕಿ. ಅಣ್ಣ ಬೀಗದವನನ್ನು ಇಳಿಸಿದ. ಪುಟ್ಟಿ ಮಳೆ ಮಾರುವವಳನ್ನು ಇಳಿಸಿದಳು, ಮಳೆಗೆ ಪೇಟೆಯವರೆಲ್ಲ ಬಾಗಿಲು ಹಾಕಿದರು, ಬೀಗದವನಿಗೆ ಕೆಲಸವಿಲ್ಲದೆ ಅಣ್ಣನ ಮನೆ ಖಾಲಿಯೇ ಉಳಿಯಿತು. ಪುಟ್ಟಿಯ ಬೀದಿ ತುಂಬಿತು.

ಪುಟ್ಟಿ ಗೆದ್ದಿದ್ದಳು, ಹುಟ್ಟಿದಂದಿನಿಂದ ಮೊದಲ ಸಲ ಅಣ್ಣನನ್ನು ಗೆದ್ದಿದ್ದಳು, ಆದರೂ ಅವಳಿಗೆ ಭಯವೇ ಆಯಿತು. ಎರಡೂ ಕೈಯಿಂದ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಮಗುಚಿದರೆ ಎಂದು.

“ಬೆಳಕು ಸರಿಯಿರ್ಲಿಲ್ಲ,” ಎಂದ ಅಣ್ಣ.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ,” ಎಂದರು ಅಪ್ಪ.

ಆಗ ಫೋನ್ ಬಡಿದುಕೊಂಡಿತು. ಅತ್ತಿಗೆ ಎತ್ತಿದಳು. ಕೇಳಿದಳು, ಫೋನಿನ ಬಾಯಿಯನ್ನು ಕೈಯಿಂದ ಮುಚ್ಚಿ ಹಿಡಿದು ಅಣ್ಣನ ಕಡೆ ತಿರುಗಿದಳು. “ಪೆಟ್ಟಿಗೆಯವರು. ಮಷಿನ್ ವಿಷಯ ಏನಾಯ್ತು ಅಂತಿದ್ದಾರೆ. ಏನು ಹೇಳ್ಲಿ?”

ಕೊಟ್ಟ ಮಾತು ಕೊಟ್ಟ ಮಾತು; ಅಣ್ಣ ಒಮ್ಮೆ ಬೇಜಾರು ಅಂದರೆ ಪುಟ್ಟಿಯೇ ಎದ್ದು ಹೋಗಿ ಹೇಳಬೇಕು. ಕುರ್ಚಿ ಹಿಂದೆ ಸರಿಸಿದಳು.

ಅಣ್ಣ ಮೇಜಿನ ಮೇಲೆ ಬಗ್ಗಿ, ಅವಳ ಇಡೀ ಕಟ್ಟನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡ. ಒಂದೊಂದಾಗಿ ಹರಡಿದ. ಮಳೆ ಮಾರುವವಳನ್ನು ಎತ್ತಿ ನೋಡಿದ, ಕೆಳಗಿಟ್ಟ. ಗಡಿಯಾರದಜ್ಜಿಯನ್ನು ಎತ್ತಿದ, ಮತ್ತೆ ಮಳೆ ಮಾರುವವಳ ಕಡೆ ನೋಡಿದ. ಅವನ ಮುಖ ನೋಡಿದರೆ ಅಮ್ಮ ಎರಡು ಮಿಠಾಯಿ ತೋರಿಸಿ ಒಂದು ತಗೋ ಅಂದಾಗಿನ ಮುಖವೇ.

“ರೀ, ಅವರು ಕಾಯ್ತಿದ್ದಾರೆ.”

“ಮಷಿನ್ ಖಾಲಿ ಇಲ್ಲ ಅನ್ನು,” ಎಂದ ಅಣ್ಣ ತಲೆಯೆತ್ತದೆ. “ಬೇರೆ ಕಡೆ ನೋಡ್ಕೊಳ್ಳಲಿ. ಮಧ್ಯೆ ಮಾತಾಡಿಸ್ಬೇಡ ಮಾರಾಯ್ತಿ, ಆರಿಸ್ತಿದ್ದೀನಿ.”

ಪುಟ್ಟಿ ಕೂತಲ್ಲೇ ಅತ್ತಳು, ನಕ್ಕಳು, ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು. ಅಣ್ಣ ಅದನ್ನೂ ನೋಡಲಿಲ್ಲ. ಕೊನೆಗೂ ಮಳೆ ಮಾರುವವಳನ್ನೇ ಎತ್ತಿಕೊಂಡು ತನ್ನ ಕಟ್ಟಿಗೆ ಸೇರಿಸಿ, ಮೇಜನ್ನು ಬೆರಳಿಂದ ತಟ್ಟಿದ.

“ಅಳೋದೆಲ್ಲ ಆಮೇಲೆ. ಕಲೆಸು, ಇನ್ನೊಂದು ಆಟ.”